ಎಳೆದು ತಂದ ಊರು

ಶವಪೆಟ್ಟಿಗೆ ಹೊತ್ತ ಗಾಡಿ ರೈಲು ನಿಲ್ದಾಣದ ಹತ್ತಿರ ಎಡಕ್ಕೆ, ಸ್ಮಶಾನದ ಕಡೆ ಹೊರಳಬೇಕಿತ್ತು. ಹಾಲ್ವರ್ ಮುದುಕ ಲಗಾಮನ್ನು ಬಲಕ್ಕೆ ಎಳೆದ. ಹಿಂದೆ ಬರುತ್ತಿದ್ದ ಅರ್ಧ ಊರು ಮುಖ ಮುಖ ನೋಡಿಕೊಂಡಿತು.

"ಅಪ್ಪಾ, ಎಲ್ಲಿಗೆ ಹೊರಟೆ? ಗುಂಡಿ ತೋಡಿರೋದು ಆ ಕಡೆ," ಎಂದಳು ಪಕ್ಕದಲ್ಲಿ ಕುಳಿತಿದ್ದ ಮಗಳು ಸಿಗ್ನೆ.

"ಹಳೇ ಊರಿಗೆ. ನಿಮ್ಮಮ್ಮನ್ನ ಮಗೂ ಪಕ್ಕ ಮಲಗಿಸ್ತೀನಿ."

"ಅಲ್ಲಿ ಊರೆಲ್ಲಿದೆ? ಬರೀ ಗೋಧಿ ಹೊಲ. ಮಗು ಎಲ್ಲಿದೆ ಅಂತ ನಿನಗೇ ಗೊತ್ತಿಲ್ಲ."

ಅವಳು ಹೇಳಿದ್ದು ನಿಜವೇ. ಆದರೂ ಹಾಲ್ವರ್ ಗಾಡಿ ನಿಲ್ಲಿಸಲಿಲ್ಲ.

*

ಅಮೆರಿಕದ ಡಕೋಟಾ ಸೀಮೆಯ ಆ ಬಯಲಿನಲ್ಲಿ ಮೊದಲು ಊರು ಕಟ್ಟಿದವರು ರೈಲು ತಮ್ಮ ಮನೆ ಬಾಗಿಲಿಗೇ ಬರುತ್ತದೆಂದು ನಂಬಿ ಕೂತಿದ್ದರು. ರೈಲು ಮೂರು ಮೈಲಿ ಆಚೆ ಹಾದುಹೋಯಿತು. ಅಲ್ಲೊಂದು ನಿಲ್ದಾಣವೆದ್ದಿತು. ಈ ಸೀಮೆಯ ಮುಖವನ್ನೇ ನೋಡದ ಯಾವನೋ ರೈಲ್ವೆ ಸಾಹೇಬನ ಮಗಳ ಹೆಸರನ್ನು ಅದಕ್ಕಿಟ್ಟರು: ಎಡ್ನಾ. ಏನು ಮಾಡುವುದು? ಊರಿಗೆ ಊರೇ ಎದ್ದು ರೈಲಿನ ಹಿಂದೆ ಹೋಯಿತು. ಚಳಿಗಾಲದಲ್ಲಿ ಹಿಮ ಗಟ್ಟಿಯಾದ ಮೇಲೆ ಮನೆಗಳ ಬುಡಕ್ಕೆ ಮರದ ದಿಮ್ಮಿ ಕಟ್ಟಿ, ಎತ್ತು ಕುದುರೆ ಹೂಡಿ ಎಳೆದರು. ಅಂಗಡಿ ಬಂತು, ಚರ್ಚು ಬಂತು. ಸಾರಾಯಿ ಅಂಗಡಿಯಂತೂ ಎಲ್ಲಕ್ಕಿಂತ ಮೊದಲೇ ಬಂದು ಕೂತಿತ್ತು. ಹಾಲ್ವರನ ಹೆಂಡತಿ ರಾಗ್ನಾ ಒಲೆ ಆರಿಸದೆ, ಚಲಿಸುವ ಮನೆಯೊಳಗೇ ನಿಂತು, ಎಳೆಯುವವರಿಗೆ ಕಿಟಕಿಯಿಂದ ಕಾಫಿ ಕೊಟ್ಟಳು.

ಆದರೆ ಅವರ ಮೊದಲ ಮಗ, ಗಂಟಲು ಬೇನೆಯಲ್ಲಿ ತೀರಿಕೊಂಡ ಕೂಸು, ಹೆಪ್ಪುಗಟ್ಟಿದ ನೆಲದಲ್ಲೇ ಉಳಿಯಿತು.

"ಹಿಮ ಕರಗಲಿ, ಅವನನ್ನೂ ಕರ್ಕೊಂಡು ಬರೋಣ," ಎಂದಿದ್ದ ಹಾಲ್ವರ್.

ಹಿಮ ಕರಗಿತು. ಅವನಿಗೆ ಹಳಿ ಹಾಕುವ ಕೆಲಸ ಸಿಕ್ಕಿತು. ಇವತ್ತು ನಾಳೆ ಎನ್ನುವಷ್ಟರಲ್ಲಿ ಬೊಹೀಮಿಯಾ ದೇಶದಿಂದ ಬಂದ ವೆಂಜೆಲ್ ಆ ನೆಲ ಕೊಂಡು ಉತ್ತ. ಮರದ ಶಿಲುಬೆ ಅಷ್ಟರಲ್ಲೇ ಬಿದ್ದುಹೋಗಿತ್ತು. ರಾಗ್ನಾ ಒಂದು ಮಾತೂ ಆಡಲಿಲ್ಲ; ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ಹಾಲ್ವರ್ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

*

ಗಾಡಿ ಬರುವುದನ್ನು ಕಂಡು ವೆಂಜೆಲ್ ಹೊಲದ ಅಂಚಿಗೆ ಬಂದು ಹ್ಯಾಟು ತೆಗೆದು ನಿಂತ. ಅವನಿಗೂ ಈಗ ವಯಸ್ಸಾಗಿತ್ತು. ಹಾಲ್ವರ್ ಇಳಿದು ಅವನ ಮುಂದೆ ತಲೆ ತಗ್ಗಿಸಿದ.

"ನನ್ನ ಮಗು ನಿನ್ನ ಹೊಲದಲ್ಲಿದೆ ಕಣಯ್ಯಾ. ಎಲ್ಲಿ ಅಂತ ಮಾತ್ರ ಗೊತ್ತಿಲ್ಲ."

"ನಂಗೊತ್ತು," ಎಂದ ವೆಂಜೆಲ್. "ಮೊದಲ್ನೇ ವರ್ಷ ನೇಗಿಲಿಗೆ ಅಡ್ಡ ನಿಂತು, ಇಷ್ಟು ಜಾಗ ಮುಟ್ಟಬೇಡ ಅಂದ್ರು ನಿಮ್ಮ ಮನೆಯವರು. ಆಮೇಲೂ ಬಿತ್ತನೆ ಹೊತ್ತಿಗೆ ಬಂದು ನೋಡ್ಕೊಂಡು ಹೋಗ್ತಿದ್ರು."

"ನನಗ್ಯಾಕೆ ಹೇಳಲಿಲ್ಲ?"

"ನೀವು ನೊಂದ್ಕೋತೀರಿ, ಹೇಳಬೇಡ ಅಂತಿದ್ರು."

ಗೋಧಿಯನ್ನು ಸರಿಸುತ್ತ ಅವನು ಮುಂದೆ ನಡೆದ. ಹೊಲದ ನಡುವೆ ಒಂದು ತುಂಡು ನೆಲ ನೇಗಿಲು ಕಾಣದೆ ಕಾಡುಹುಲ್ಲು ಹೊತ್ತು ಉಳಿದಿತ್ತು. ಮಧ್ಯದಲ್ಲಿ ಮೊಳದುದ್ದದ ದಿಬ್ಬ, ಸುತ್ತ ಕಲ್ಲು. ಅದರ ಎರಡೂ ಬದಿಗೆ ಆಳುದ್ದದ ಜಾಗ.

"ಕೂಸಿಗೆ ಇಷ್ಟು ಜಾಗ ಯಾಕೆ?" ಎಂದಳು ಸಿಗ್ನೆ.

"ಎರಡು ಕಡೇನೂ ಬಿಡು ಅಂದಿದ್ರು."

 ಸಿಗ್ನೆ ಹಿಂದಕ್ಕೆ ತಿರುಗಿ, ಎಡಗಡೆ ಅಗೆಯಿರಿ ಎಂದು ಗಂಡಸರಿಗೆ ಹೇಳಿದಳು. ವೆಂಜೆಲ್ ಮನೆಯಿಂದ ಸಲಿಕೆಗಳು ಬಂದವು. ಹಾಲ್ವರ್ ದಿಬ್ಬವನ್ನು ಬಳಸಿಕೊಂಡು ಹೋಗಿ, ಬಲಗಡೆಯ ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತ.