ಬಿಗಿ ತೋಳಿನ ಅಂಗಿ

ಅಂಗಿಯ ತೋಳು ಮೊಣಕೈವರೆಗೆ ಬಂದು ನಿಂತುಬಿಟ್ಟಿತು. ದರ್ಜಿ ಹಲ್ಲು ಕಚ್ಚಿ ಇನ್ನೊಮ್ಮೆ ಮೇಲೆ ಎಳೆದ. ಅದು ಜಪ್ಪಯ್ಯ ಅನ್ನಲಿಲ್ಲ. ಎದುರಿಗೆ ನರ್ಸ್ ಒದ್ದೆ ಹತ್ತಿ ಹಿಡಿದು ಕಾಯುತ್ತಿದ್ದಳು. ಬಾಗಿಲಾಚೆ ಫ್ಲೂ ಲಸಿಕೆಗೆಂದು ಬಂದ ಹನ್ನೊಂದು ಜನ ಸಾಲಾಗಿ ನಿಂತು ಕತ್ತು ಚಾಚಿ ನೋಡುತ್ತಿದ್ದರು.

"ಇದನ್ನ ಹೊಲಿದ ಪುಣ್ಯಾತ್ಮ ಯಾರು?" ಎಂದಳು ನರ್ಸ್.

"ನಾನೇ," ಎಂದ ದರ್ಜಿ, ಕೊಂಚ ಹೆಮ್ಮೆಯಿಂದಲೇ.

ನಾಲ್ಕು ಜನ ಸೇರುವ ಕಡೆಗೆ ಆತ ಅಂಗಡಿಯ ಬೋರ್ಡನ್ನೇ ಮೈಮೇಲೆ ಹಾಕಿಕೊಂಡು ಹೋದಂತೆ ಹೋಗುತ್ತಿದ್ದ. ಇವತ್ತೂ ಹಾಗೆಯೇ, ಎಲ್ಲಕ್ಕಿಂತ ಚೆನ್ನಾಗಿ ಕೂರುವ ತುಂಬುತೋಳಿನ ಅಂಗಿಯನ್ನು ಇಸ್ತ್ರಿ ಮಾಡಿ ತೊಟ್ಟು ಬಂದಿದ್ದ. ಅದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಮೇಲೇಳಲು ಒಪ್ಪುತ್ತಿರಲಿಲ್ಲ.

"ರೀ, ಬಿಚ್ಚಿಬಿಡಿ ಅತ್ಲಾಗೆ," ಎಂದಳು ಹೆಂಡತಿ. ಅವಳು ಎರಡೇ ನಿಮಿಷದಲ್ಲಿ ಚುಚ್ಚಿಸಿಕೊಂಡು ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಗಂಡ ಕಣ್ಣು ಬಿಟ್ಟದ್ದನ್ನು ನೋಡಿ ಅವಳಿಗೆ ಥಟ್ಟನೆ ಹೊಳೆಯಿತು. "ಓಹೋ, ಆ ಬನೀನಾ? ಊರಿಗೆಲ್ಲ ಹೊಲೀತಾರೆ, ಸ್ವಂತ ಬನೀನು ನೋಡಿದ್ರೆ ಸೊಳ್ಳೆ ಪರದೆ!"

ಪಿಸುಗುಟ್ಟಿದ್ದು ಅಂದುಕೊಂಡಿದ್ದಳು. ಸಾಲಿನ ಕೊನೆಯವನೂ ನಕ್ಕ.

ದರ್ಜಿ ಎದ್ದು ನಿಂತ. "ಆಯ್ತು ಸಿಸ್ಟರ್, ಬರೋ ವಾರ ಅರ್ಧ ತೋಳಿನದು ಹಾಕ್ಕೊಂಡು ಬರ್ತೀನಿ." ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ನೆಮ್ಮದಿ ಆತನ ಮುಖದಲ್ಲಿತ್ತು.

"ಬರೋ ವಾರಾನಾ? ಮೊಮ್ಮಗು ಹುಟ್ಟುತ್ತೆ ಅಂತ ನಿಮ್ಮ ಮನೆಯವರು ಅಂದ್ರಲ್ಲ, ಯಾವಾಗ?" ಎಂದಳು ನರ್ಸ್.

"ಇನ್ನು ಹದಿನಾರು ದಿನ," ಎಂದಳು ಹೆಂಡತಿ.

"ಲಸಿಕೆ ಮೈಗೆ ಹತ್ತೋಕೆ ಎರಡು ವಾರ ಬೇಕು ಯಜಮಾನ್ರೇ. ಲೆಕ್ಕ ನೀವೇ ಹಾಕ್ಕೊಳ್ಳಿ."

ಲೆಕ್ಕ ಆತನಿಗೆ ಗೊತ್ತಿತ್ತು. ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಅಪ್ಪಾ, ನಾನೂ ಹಾಕಿಸ್ಕೊಂಡಿದೀನಿ. ಮಗೂಗೆ ಆರು ತಿಂಗಳಾಗೋವರೆಗೂ ಫ್ಲೂ ಲಸಿಕೆ ಕೊಡೋ ಹಾಗಿಲ್ಲ. ಸುತ್ತಮುತ್ತ ಇರೋ ನಾವೇ ಹಾಕಿಸ್ಕೋಬೇಕು. ಇಲ್ಲಾಂದ್ರೆ ಬಾಗಿಲಲ್ಲೇ ನಿಂತು ನೋಡ್ಕೊಂಡು ಹೋಗಿ." ಮೊದಲ ಮೊಮ್ಮಗು. ಬಾಗಿಲಲ್ಲೇ ನಿಲ್ಲುವುದು ಅಂದರೆ ಏನು ಮಾತು!

"ಹೋದ ವರ್ಷ ಹಾಕಿಸಿದ್ದು ಇನ್ನೂ ಇರಲ್ವಾ ಒಳಗೆ?"

"ಇಷ್ಟೊತ್ತಿಗೆ ಅದರ ಬಲ ಇಳಿದಿರುತ್ತೆ. ವೈರಸ್ಸೂ ವರ್ಷ ವರ್ಷ ವೇಷ ಬದಲಾಯಿಸುತ್ತೆ."

"ಹೋದ ವರ್ಷದ ಅಳತೆಗೇ ಹೊಲಿದುಕೊಡಿ ಅಂತ ಬಂದೋರನ್ನ ನೀವು ಬೈದು ಕಳಿಸಲ್ವಾ?" ಎಂದು ಹೆಂಡತಿ ಬಾಯಿ ಹಾಕಿದಳು.

ದರ್ಜಿ ಕೊನೆಯ ಅಸ್ತ್ರ ತೆಗೆದ: "ಲಸಿಕೆಯಿಂದಾನೇ ಫ್ಲೂ ಬಂದಿತ್ತು ಸಿಸ್ಟರ್ ನಂಗೆ."

"ಎಷ್ಟು ದಿನ ಮಲಗಿದ್ರಿ?"

"ಒಂದು ರಾತ್ರಿ ಮೈ ಬಿಸಿ ಇತ್ತು," ಎಂದಳು ಹೆಂಡತಿ. "ಬೆಳಿಗ್ಗೆ ಎದ್ದು ಎರಡು ಸಲ ತಿಂಡಿ ತಿಂದ್ರು."

"ಅದು ಫ್ಲೂ ಅಲ್ಲ, ಮೈ ಪಾಠ ಕಲೀತಿರೋದು. ಈ ಸೂಜೀಲಿ ಜೀವ ಇರೋ ವೈರಸ್ ಇಲ್ಲ. ನಿಜವಾದ ಫ್ಲೂ ಹಿಡಿದ್ರೆ ವಾರ ಮಲಗಿಸುತ್ತೆ."

"ಹಾಕಿಸ್ಕೊಂಡ್ರೆ ಬರೋದೇ ಇಲ್ಲ ಅಂತೀರಾ?"

"ಹಾಗೆ ಸುಳ್ಳು ಹೇಳಲ್ಲ. ಬಂದ್ರೂ ಆಸ್ಪತ್ರೆ ಸೇರೋ ಮಟ್ಟಕ್ಕೆ ಹೋಗೋದು ಕಡಿಮೆ."

ಈ ಮಾತು ಆತನಿಗೆ ಹಿಡಿಸಿತು. ಬಟ್ಟೆ ಬಣ್ಣ ಬಿಡುವುದೇ ಇಲ್ಲ ಎಂದು ಆತನೂ ಯಾರಿಗೂ ಮಾತು ಕೊಟ್ಟವನಲ್ಲ.

ಮತ್ತೆ ಕೂತ. ಜೇಬಿನಿಂದ ಪುಟ್ಟ ಕತ್ತರಿ ತೆಗೆದು, ಎಡ ಭುಜದ ಹೊಲಿಗೆಗೆ ಅದರ ಮೊನೆಯಿಟ್ಟ.

"ಹರಿದು ಹಾಕಿ ಸ್ವಾಮಿ, ನಮಗೂ ಮನೆ ಮಠ ಇದೆ," ಎಂದಿತು ಸಾಲು.

ಕೊಲೆಗೆ ಸಲಹೆ ಕೊಟ್ಟವರನ್ನು ನೋಡುವಂತೆ ದರ್ಜಿ ಅತ್ತ ನೋಡಿದ. ಬಳಿಕ ಒಂದೊಂದೇ ಎಳೆ ಬಿಡಿಸತೊಡಗಿದ. ಇಪ್ಪತ್ತೆಂಟು ವರ್ಷಗಳಲ್ಲಿ ತನ್ನ ಹೊಲಿಗೆ ಬಿಚ್ಚಿತೆಂದು ಒಬ್ಬರೂ ದೂರು ತಂದಿರಲಿಲ್ಲ. ಯಾಕೆಂದು ಈಗ ಗೊತ್ತಾಯಿತು. ಹಣೆ ಬೆವರಿತು. ಹೆಂಡತಿ ಬಂದು ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಟ್ಟಳು. ಕೊನೆಗೆ ನಾಲ್ಕು ಬೆರಳಗಲ ಭುಜ ಬೆಳಕು ಕಂಡಿತು. ಎಳೆಗಳೆಲ್ಲ ನೆಟ್ಟಗೆ ಬಂದಿವೆಯೇ ಎಂದು ಆತ ಬಗ್ಗಿ ನೋಡುತ್ತಿದ್ದ.

"ಆಯ್ತು," ಎಂದಳು ನರ್ಸ್.

"ಏನು ಆಯ್ತು?"

"ಇಂಜೆಕ್ಷನ್. ಹೋಗಿ, ಹದಿನೈದು ನಿಮಿಷ ಬೆಂಚಲ್ಲಿ ಕೂತಿರಿ."

ಡಾಕ್ಟರು ಹೇಳಿದ ದಿನಕ್ಕೆ ಮಗು ಬರಲಿಲ್ಲ. ಮೂರು ದಿನ ತಡವಾಗಿ ಬಂತು. ಹೆಣ್ಣು.

"ಕೈ ತೊಳ್ಕೊಂಡ್ರಾ ಅಪ್ಪಾ?"

"ಎರಡು ಸಲ."

"ನೆಗಡಿ, ಕೆಮ್ಮು?"

"ಏನೂ ಇಲ್ಲ ಕಣೇ, ಕೊಡು."

ಮಗಳು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಆತನ ತೋಳುಗಳ ಮೇಲಿಟ್ಟಳು. ಅದು ಒಮ್ಮೆ ಮುಖ ಹಿಂಡಿ, ಮತ್ತೆ ನಿದ್ದೆಗೆ ಜಾರಿತು. ಒಂದು ಕ್ಷಣವೂ ಸುಮ್ಮನೆ ಕೂರಲು ಬಾರದ ಮನುಷ್ಯ ಅಲುಗಾಡದೆ ಕೂತ. ಬಗ್ಗಿದ ಮುಖದಿಂದ ಕನ್ನಡಕ ಮೆಲ್ಲಗೆ ಜಾರಿ ಮೂಗಿನ ತುದಿಗೆ ಬಂತು. ಕೈಗಳೆರಡಕ್ಕೂ ಬಿಡುವಿರಲಿಲ್ಲ. ಹೆಂಡತಿ ಹತ್ತಿರ ಬಂದು, ಒಂದು ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿದಳು.