ಹೆಬ್ಬೆರಳಿನ ಹಾಜರಿ

ಹುಲಗಪ್ಪನ ಎಡಗೈ ಹೆಬ್ಬೆರಳು ಯಾವಾಗಲೂ ನೀಲಿಯಾಗಿರುತ್ತಿತ್ತು. ಕಲ್ಲು ಒಡೆಯುವವನು, ಮೈಯೆಲ್ಲ ಬಿಳಿ ಧೂಳು, ಹೆಬ್ಬೆರಳೊಂದು ಮಾತ್ರ ನೀಲಿ. ಅವನ ಜಾತಿಯ ಗಂಡಸರೆಲ್ಲ ಹುಟ್ಟುಗಳ್ಳರೆಂದು ಬಿಳಿಯರ ಕಾನೂನು ತೀರ್ಮಾನಿಸಿಬಿಟ್ಟಿತ್ತು. ದಿನಾ ಸಂಜೆ ಠಾಣೆಗೆ ಬಂದು ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು, ತಪ್ಪಿದರೆ ಜೈಲು. ಶಾಯಿಯ ಡಬ್ಬಿಯನ್ನು ಅವನ ಮುಂದೆ ತಳ್ಳುತ್ತಿದ್ದ ಠಾಣೆಯ ರೈಟರ್ ನಾನೇ.

ನಮ್ಮ ಬಾವುಟ ಏರಿದ ದಿನ ನನಗೆ ಹುಚ್ಚು ಸಂತೋಷ. ಅವನ ಬೊಗಸೆಗೂ ಒಂದು ಹಿಡಿ ಬೂಂದಿ ಹಾಕಿ, "ಬಿಳ್ಯಾರ ಹೋದ್ರು, ಇನ್ನೆಲ್ಲಿ ಹಾಜರಿ? ಬೆರಳು ತೊಳ್ಕೋ ಹೋಗು," ಎಂದೆ.

"ಖರೇನ್ರೀ ಸಾಹೇಬ್ರ? ಮಗಳಿಗೆ ದಿನ ತುಂಬ್ಯಾವ್ರಿ. ಆಕೀ ಊರಿಗೆ ಹೋಗಿ ಬರ್ಲೇನ್ರಿ?"

"ಹೋಗಿ ಬಾರೋ. ಯಾರ್ ಕೇಳ್ತಾರ!"

ಮರುದಿನ ಇನ್‌ಸ್ಪೆಕ್ಟರರು ಹೊಸ ಪುಸ್ತಕ ಕೊಟ್ಟರು. ರಟ್ಟಿನ ಮೇಲೆ ಹೊಸ ಸರ್ಕಾರದ ಮುದ್ರೆ. "ಹಳೇದ್ರಾಗಿನ ಹೆಸರು ಒಂದೂ ಬಿಡದಂಗ ನಕಲು ಮಾಡು. ಕಾನೂನೇನು ರದ್ದಾಗಿಲ್ಲ," ಎಂದರು. ಹುಲಗಪ್ಪನ ಹೆಸರಿಗೆ ಬಂದಾಗ ನನ್ನ ಲೇಖನಿ ನಿಂತಿತು. ಬಿಟ್ಟರೆ ನನ್ನ ನೌಕರಿಗೆ ಕುತ್ತು. ಬರೆದೆ. ಮುದ್ದಾದ ಅಕ್ಷರದಲ್ಲೇ ಬರೆದೆ.

ಐದನೆಯ ದಿನ, ಮೊಮ್ಮಗಳನ್ನು ನೋಡಿಕೊಂಡು ನಗುತ್ತ ಬಂದವನ ಕೈಗೆ ಬೇಡಿ ಬಿತ್ತು. ನ್ಯಾಯಾಲಯದಲ್ಲಿ ಅವನು ನನ್ನನ್ನು ತೋರಿಸಿ, "ಬರಬ್ಯಾಡಂತ ಈ ಸಾಹೇಬ್ರ ಹೇಳಿದ್ರೀ," ಎಂದ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನತ್ತ ನೋಡಿದರು.

"ನಾ ಹಂಗ ಹೇಳಿಲ್ರಿ," ಎಂದೆ.

ಅವನಿಗೆ ಒಂದು ವರ್ಷ ಸಜೆಯಾಯಿತು. ಅವನು ಹೊರಬರುವ ಮೊದಲೇ ನಾನು ಕಂದಾಯ ಕಚೇರಿಗೆ ವರ್ಗ ಮಾಡಿಸಿಕೊಂಡೆ. ಹೇಡಿಗಳಿಗೆ ಇಂಥ ದಾರಿಗಳು ಬೇಗ ಹೊಳೆಯುತ್ತವೆ.

ಕೆಲವು ವರ್ಷಗಳಿಗೆ ಆ ಕಾನೂನು ರದ್ದಾಯಿತು. ಆಮೇಲೆ ಚುನಾವಣೆ ಬಂತು. ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವ ಕೆಲಸ ನನ್ನ ಪಾಲಿಗೇ ಬಂತು. ಸಾಲು ಸರಿದು, ತಲೆ ಪೂರಾ ನರೆತಿದ್ದ ಹುಲಗಪ್ಪ ಎದುರಿಗೆ ನಿಂತ. ಏನೂ ಕೇಳದೆ ಮೇಜಿನ ಮೇಲೆ ಎಡಗೈ ಇಟ್ಟು ಹೆಬ್ಬೆರಳು ಮುಂದೆ ಮಾಡಿದ.

"ತೋರುಬೆರಳು, ಹುಲಗಪ್ಪ," ಎಂದೆ.

ಅವನು ತಲೆಯೆತ್ತಿ ನನ್ನ ಗುರುತು ಹಿಡಿದ. ಬೈಯಲಿಲ್ಲ. "ಯಾವ್ದರ ತಗೋರಿ ಸಾಹೇಬ್ರ. ನಾ ಬಂದಿದ್ದೆ ಅಂತ ಬರ್ಕೋರಿ ಸಾಕು. ಆಮ್ಯಾಲೆ ಬಂದೇ ಇಲ್ಲ ಅನ್ನಬ್ಯಾಡ್ರಿ."

ಶಾಯಿ ಹಚ್ಚಿದೆ. ಮತ ಹಾಕಿ ಬಂದವನು ಮತ್ತೆ ನನ್ನ ಮೇಜಿನ ಮುಂದೆಯೇ ನಿಂತ. ನೀಲಿ ಬೆರಳು ಚಾಚಿಕೊಂಡು, ಹೋಗು ಎಂದು ನಾನು ಹೇಳುವುದನ್ನೇ ಕಾಯುತ್ತಿದ್ದ.