ಅತ್ತೆಯ ಲಾರಿಗೆ ಹೊಸ ಬಾಗಿಲು

ಸೋದರತ್ತೆಯ ಹಳೇ ಲಾರಿಗೆ ಹೊಸ ತಗಡು ಹೊದಿಸಿ ಮುಗಿಸಿದಾಗ ಟಿಂಕರನಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳೋಣ ಎನ್ನಿಸಿತು. ತುಕ್ಕು ತಿಂದು ಜರಡಿಯಾಗಿದ್ದ ಕ್ಯಾಬಿನ್ನಿನ ಮೂಲೆಗಳನ್ನು ಕತ್ತರಿಸಿ ತೆಗೆದಿದ್ದ, ಮಡ್‌ಗಾರ್ಡು ಬದಲಿಸಿದ್ದ, ಎರಡೂ ಬಾಗಿಲು ಹೊಸದಾಗಿ ತರಿಸಿ ಕೂರಿಸಿದ್ದ. ಸಂದುಗಳಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಹಳೇ ಬಾಗಿಲಿನ ಗಾಜು ಮಾತ್ರ ಹೊಸದಕ್ಕೆ ಉದ್ದವಾಯಿತು. ಯಾವನೋ ಗಾಜಿನವನು ಅಳತೆ ತಪ್ಪಿದ್ದಾನೆಂದು ಅವನ ವಂಶವನ್ನೆಲ್ಲ ಬೈದು, ಬೇರೆ ಗಾಜು ಹಾಕಿದ್ದ.

ಅತ್ತೆ ಅದೇ ಲಾರಿ ಓಡಿಸಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಆಳು ಗಿಡ್ಡ, ನಾಲಿಗೆ ಉದ್ದ. ಬೇರೆಯವರ ಲಾರಿ ಹತ್ತಿದರೆ ರಸ್ತೆಯ ಅಂಚೇ ಕಾಣುವುದಿಲ್ಲ, ಅವನ್ನು ಮಾಡಿದವರಿಗೆ ತಲೆ ಇಲ್ಲ ಎನ್ನುವುದು ಅವಳ ಹಳೇ ರಾಗ. ಅಂಥವಳು ಹೊಸ ಬಾಗಿಲಿನ ಲಾರಿಯನ್ನು ಒಂದು ಸುತ್ತು ಓಡಿಸಿ ತಂದು, ಒಂದು ತಪ್ಪನ್ನೂ ಹುಡುಕದೆ ಇಳಿದಾಗ ಟಿಂಕರನಿಗೆ ದಿಗಿಲಾಯಿತು.

"ಗಾಡಿ ಚೆನ್ನಾಗಾಗಿದೆ ಅಳಿಯ, ಕೆಟ್ಟಿರೋದು ನಾನು. ಮುಂದಿನ ಚಕ್ರದ ಪಕ್ಕ ಏನಿದೆ ಅಂತಾನೇ ಗೊತ್ತಾಗ್ತಿಲ್ಲ. ಒಬ್ಬ ಸೈಕಲ್‌ನವನು ಸ್ವಲ್ಪದರಲ್ಲಿ ಉಳಿದ. ಇನ್ನು ಸಾಕು, ಮಾರಿಬಿಡೋಣ."

ಸೀಟಿನ ಮೇಲೆ ದಿಂಬು ಇಟ್ಟುಕೋ ಎಂದ. ಇಟ್ಟು ನೋಡಿದರೆ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಅತ್ತೆ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ನಡೆದೇ ಮನೆಗೆ ಹೋದಳು.

ಟಿಂಕರನ ತಲೆಗೆ ಹುಳ ಹೊಕ್ಕಿತು. ಮೊನ್ನೆಯವರೆಗೆ ಕಾಣುತ್ತಿದ್ದುದು ಬಾಗಿಲು ಬದಲಾದ ಕೂಡಲೇ ಹೇಗೆ ಮಾಯವಾದೀತು? ಶೆಡ್ಡಿನ ಹಿಂದೆ ಬಿಸಾಡಿದ್ದ ಹಳೇ ಬಾಗಿಲನ್ನು ಎಳೆದು ತಂದು ಹೊಸದರ ಪಕ್ಕ ಹಿಡಿದ. ಕಿಟಕಿಯ ಕೆಳ ಅಂಚು ಹಳೆಯದರಲ್ಲಿ ಎರಡು ಬೆರಳು ಕೆಳಗಿತ್ತು. ಇನ್ನೊಂದನ್ನು ತಂದ, ಅದೂ ಹಾಗೇ. ಬಣ್ಣ ಕೆರೆದ, ಪುಟ್ಟಿ ಕೆರೆದ. ಒಳಗೆ ಈ ತುದಿಯಿಂದ ಆ ತುದಿಗೆ ಒತ್ತೊತ್ತಾದ ಗ್ಯಾಸ್ ವೆಲ್ಡಿಂಗಿನ ಗೆರೆ. ಆ ಕೈ ಅವನಿಗೆ ಚೆನ್ನಾಗಿ ಗೊತ್ತು, ಅಪ್ಪನದು.

ಅಪ್ಪ ಈಗ ಕೆಲಸ ಬಿಟ್ಟು, ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೇಳದಿದ್ದರೂ ಬುದ್ಧಿ ಹೇಳುತ್ತಿದ್ದವನು. ಇದನ್ನು ಕೇಳಿದಾಗ ಮಾತ್ರ ಕಿವುಡನಾದ. ಬಿಡದೆ ಕಾಡಿದ ಮೇಲೆ ಬಾಯಿ ಬಿಟ್ಟ. ಲಾರಿ ಕೊಂಡ ಹೊಸತರಲ್ಲಿ ತಂಗಿ ಬಂದು, ತನ್ನ ಎತ್ತರಕ್ಕೆ ಇದು ಆಗುತ್ತದಾ ಎಂದು ಕೇಳಿದ್ದಳಂತೆ. ಸೀಟು ಎತ್ತಿದರೆ ಕಾಲು ಸಾಲದು. ಬಣ್ಣ ಹೊಡೆಯುವ ನೆಪದಲ್ಲಿ ಲಾರಿ ಇಟ್ಟುಕೊಂಡು ಎರಡೂ ಕಿಟಕಿಗಳ ಕೆಳ ಅಂಚನ್ನು ಕತ್ತರಿಸಿ ಇಳಿಸಿ, ಉದ್ದದ ಗಾಜು ಹಾಕಿಸಿ, ಈ ಗಾಡಿ ನಿನ್ನ ಅಳತೆಗೇ ಹುಟ್ಟಿದೆ ಎಂದು ಹೇಳಿ ಕಳಿಸಿದ್ದನಂತೆ. ಅಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದನಲ್ಲ ಮಹರಾಯ ಎಂದು ಟಿಂಕರನಿಗೆ ಅಚ್ಚರಿಯೂ ಆಯಿತು, ಅಪ್ಪನ ಮೇಲೆ ಅಕ್ಕರೆಯೂ ಉಕ್ಕಿತು.

ಮರುದಿನ ಅವನು ಹೊಸ ಬಾಗಿಲಿನ ಮೇಲೆ ಹಳೇ ಕಿಟಕಿಯ ಅಳತೆಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ, ಅತ್ತೆಗೆ ಹೇಳುವುದೋ ಬೇಡವೋ ಎಂದು ತೂಗಿ ನೋಡುತ್ತಿದ್ದ. ಕ್ಯಾಬಿನ್ನಿನಲ್ಲಿದ್ದ ತನ್ನ ಸಾಮಾನು ಒಯ್ಯಲು ಅವಳೇ ಬಂದಳು. ಹಳೇ ಬಾಗಿಲನ್ನು ನೋಡಿದಳು, ಗೆರೆಯನ್ನು ನೋಡಿದಳು, ಕೆರೆದ ಜಾಗದ ಮೇಲೆ ಅಂಗೈ ಆಡಿಸಿದಳು. ಲಾರಿಗಳ ನಡುವೆಯೇ ಬಾಳಿದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನೆಟ್ಟಗೆ ಅಪ್ಪನ ಕುರ್ಚಿಯ ಮುಂದೆ ಹೋಗಿ ನಿಂತಳು.

"ಅಣ್ಣ, ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಗಾಡಿ ಹತ್ತುತ್ತಿದ್ಯಾ?"

ಅತ್ತೆಯ ಕಣ್ಣು ತುಂಬಿ ಬಂದಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಲಾರಿ ಹತ್ತಿ, ಬಾಗಿಲು ಎಳೆದುಕೊಂಡು, ಕ್ಲಚ್ಚಿನ ಮೇಲೆ ಕಾಲಿಟ್ಟು, ಕತ್ತು ಚಾಚಿ ಕೆಳಗೆ ನೋಡಿದಳು. ಆಮೇಲೆ ಟಿಂಕರನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಕಿಟಕಿಯಿಂದ ಬಗ್ಗಿ, ಅವನು ಎಳೆದ ಗೆರೆಯ ಕೆಳಗೆ ತಾನೇ ಇನ್ನೊಂದು ಗೆರೆ ಎಳೆದಳು.

"ಇಲ್ಲಿಗೆ ಕತ್ತರಿಸು ಅಳಿಯ. ಇಷ್ಟು ವರ್ಷದಲ್ಲಿ ನಾನು ಇನ್ನೊಂದು ಬೆರಳು ಕುಗ್ಗಿದ್ದೀನಿ."